ವಿಶಾಖಾಳ ಪಾವು, ಅರ್ಧ, ಪೌಣಾ

ಹುಮನಾಬಾದಿನ ಹೆಂಗಸರಿಗೆ ಹೊಸ ಸೀರೆಗೊಂದು ಜೋಡಿ ರವಿಕೆ ಬಟ್ಟೆ ಬೇಕಾದರೆ ಅಂಗಡಿಯ ಹೆಸರು ಹೇಳುವುದಿಲ್ಲ. ‘ವಿಶಾಖಾನ ಹತ್ರ ಹೋಗೂಣು ನಡಿ’ ಎನ್ನುತ್ತಾರೆ. ಅಂಗಡಿ ವೈಜನಾಥ ಸಾವುಕಾರರದು. ದುಡ್ಡಿನ ಗಲ್ಲೆಯ ಹಿಂದೆ ಕೂರುವವರು ಅವರೇ, ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಅವರ ಅಪ್ಪನ ಹೆಸರೇ. ಆದರೂ ಊರು ಹಾಗೆ ಹೇಳುತ್ತದೆ, ಸಾವುಕಾರರು ಕೇಳಿ ಕೇಳಿ ಸುಮ್ಮನಾಗಿದ್ದಾರೆ. ವ್ಯಾಪಾರ ಆಗುತ್ತಿರುವಾಗ ಹೆಸರಿನ ಜಂಬ ಯಾರಿಗೆ ಬೇಕು?

ವಿಶಾಖಾ ಘಾಟಬೋರಾಳದ ಹುಡುಗಿ. ಹುಡುಗಿ ಎಂದೆ, ವಯಸ್ಸು ಮೂವತ್ತನ್ನು ಮುಟ್ಟುತ್ತ ಬಂದಿದೆ. ಆದರೆ ಅವಳು ಕೌಂಟರಿನ ಹಿಂದೆ ನಿಂತು ನಗುವುದನ್ನು ನೋಡಿದವರು ಹೆಂಗಸು ಎನ್ನಲಾರರು. ಅವಳ ಕಣ್ಣು ದೊಡ್ಡ ಕಣ್ಣು. ನೋಡುವುದಕ್ಕಲ್ಲ, ಬಣ್ಣ ಹಿಡಿಯುವುದಕ್ಕೆ. ನಮ್ಮ ನಿಮ್ಮಂಥವರು ‘ಗುಲಾಬಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಜಾಗದಲ್ಲಿ ಅವಳಿಗೆ ಹತ್ತಿಪ್ಪತ್ತು ಗುಲಾಬಿಗಳು ಕಾಣುತ್ತವೆ. ಸೀರೆಯ ಸೆರಗು ಒಂದು ಸಲ ನೋಡಿ, ಬೆನ್ನ ಹಿಂದಿನ ಕಪಾಟಿನಿಂದ ಬಟ್ಟೆಯ ಒಂದು ತಾನು ಎಳೆದರೆ ಮುಗಿಯಿತು. ಎರಡನೆಯ ತಾನು ಎಳೆದದ್ದನ್ನು ಕಂಡವರು ಕಡಿಮೆ.

ಇಂಥ ಹುಡುಗಿ ಪಿಯುಸಿ ಓದುವಾಗ ಕೆಮಿಸ್ಟ್ರಿಯಲ್ಲಿ ಫೇಲಾದಳು. ಒಂದು ಸಲವಲ್ಲ, ಎರಡು ಸಲ. ಉಳಿದೆಲ್ಲ ಪಾಸು. ಮೊದಲ ವಾರವೇ ಮಾಸ್ತರರು ಹಲಗೆಯ ಮೇಲೆ ಆರು ಪಾಯಿಂಟ್ ಸೊನ್ನೆ ಎರಡು ಎರಡು, ಗುಣಿಸು ಹತ್ತರ ಮೇಲೆ ಇಪ್ಪತ್ಮೂರು ಎಂದು ಬರೆದು, ಇದೇ ‘ಮೋಲ್’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ಹತ್ತರ ತಲೆಯ ಮೇಲೆ ಆ ಪುಟಾಣಿ ಇಪ್ಪತ್ಮೂರು ಯಾಕೆ ಹತ್ತಿ ಕುಳಿತಿದೆ ಎಂದು ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಆ ದಿನ ತಪ್ಪಿದ ದಾರಿ ವರ್ಷವಿಡೀ ಸಿಗಲಿಲ್ಲ. ಕೂಲಿ ಮಾಡುವ ಅಪ್ಪ ಜೈಭೀಮ ಬೈಯಲಿಲ್ಲ, ‘ಬಿಡವ್ವಾ, ಇನ್ನೊಮ್ಮಿ ನೋಡೂಣು’ ಎಂದ. ಬೈದಿದ್ದರೆ ಮೇಲಾಗುತ್ತಿತ್ತು ಎಂದು ಅವಳಿಗೆ ಇಂದಿಗೂ ಅನಿಸುತ್ತದೆ.

ಆಮೇಲೆ ಮದುವೆ. ಗಂಡ ಅಜೀತ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಕ್ರೂಸರ್ ಗಾಡಿ ಓಡಿಸುವವನು. ಮಾತು ಕಡಿಮೆ, ಹಾರ್ನು ಜಾಸ್ತಿ. ಆಮೇಲೆ ಸಾವುಕಾರರ ಅಂಗಡಿ. ವರ್ಷಗಳು ಹೋದವು. ಒಂದು ಬೇಸಿಗೆಯಲ್ಲಿ ಯಾರಿಗೂ ಹೇಳದೆ ಪಿಯುಸಿ ಕೆಮಿಸ್ಟ್ರಿಗೆ ಮತ್ತೆ ಕಟ್ಟಿ, ಹೇಗೋ ಉರುಹೊಡೆದು, ಪಾಸಿನ ಗೆರೆಯನ್ನು ಮುಟ್ಟಿ ಬಂದಳು. ಬಂದವಳೇ ಬಸವಕಲ್ಯಾಣದ ಡಿಗ್ರಿ ಕಾಲೇಜಿನಲ್ಲಿ ಬಿಎಸ್‌ಸಿಗೆ ಸೇರಿದಳು. ಅದೂ ಕೆಮಿಸ್ಟ್ರಿ ತೆಗೆದುಕೊಂಡು. ಯಾಕೆ ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಳು. ನಿಜವಾದ ಕಾರಣ ಇಷ್ಟೇ: ಅದು ಅವಳಿಗೆ ಚುಚ್ಚುತ್ತಿತ್ತು. ಉರುಹೊಡೆದು ಪಾಸಾದದ್ದು ಪಾಸಲ್ಲ ಎಂದು ಅವಳ ಮನಸ್ಸಿಗೆ ಗೊತ್ತಿತ್ತು. ಒಮ್ಮೆಯಾದರೂ ತಿಳಿದು ಪಾಸಾಗಬೇಕು.

“ಹೋಗು. ಮುಂದಿನ ಸೀಟು ಹ್ಯಾಂಗೂ ಖಾಲಿ ಇರ್ತದ,” ಎಂದ ಅಜೀತ. ಅದು ಸುಳ್ಳು. ದಾರಿಯ ಮೇಲಿನ ರಾಜೇಶ್ವರ ದಾಟುವುದರೊಳಗೆ ಆ ಗಾಡಿಯಲ್ಲಿ ಕಾಲಿಡುವುದಕ್ಕೂ ಜಾಗ ಇರುವುದಿಲ್ಲ. ಸಾವುಕಾರರು ಮಾತ್ರ ಮೂರು ದಿನ ಮುಖ ಸಣ್ಣ ಮಾಡಿಕೊಂಡರು, ಕೊನೆಗೆ ಸಂಜೆ ಮತ್ತು ಭಾನುವಾರ ಅಂಗಡಿಗೆ ಬರಬೇಕೆಂಬ ಕರಾರಿನ ಮೇಲೆ ಒಪ್ಪಿದರು.

ಕಾಲೇಜಿನ ಕೆಮಿಸ್ಟ್ರಿಯ ದೀಪಾಲಿ ಮೇಡಂ ಬಸವಕಲ್ಯಾಣದವರೇ. ಗಿಡ್ಡಗೆ, ತೆಳ್ಳಗೆ ಇದ್ದಾರೆ, ದನಿ ಮಾತ್ರ ಇಡೀ ಕಾಲೇಜಿಗೆ ಸಾಕಾಗುವಷ್ಟಿದೆ. ಮೊದಲ ದಿನ ಅವರು ಪುಸ್ತಕವನ್ನೇ ತೆರೆಯಲಿಲ್ಲ.

“ಕೆಮಿಸ್ಟ್ರಿ ಬರಲಾರದಕ್ಕ ಯಾರೂ ಫೇಲ್ ಆಗಂಗಿಲ್ಲ. ಲೆಕ್ಕ ಬರಲಾರದಕ್ಕ ಆಗ್ತೀರಿ,” ಎಂದರು. “ಪ್ರಮಾಣ, ಹತ್ತರ ಘಾತ, ಲಾಗ್, ಒಂದು ಅಳತಿಯಿಂದ ಇನ್ನೊಂದಕ್ಕ ಬದಲಿ ಮಾಡೋದು, ಗೆರಿ ನೋಡಿ ಓದೋದು. ಇಷ್ಟು ಬಂದ್ರ ಉಳಿದಿದ್ದು ನಾ ಕಲಸ್ತೀನಿ. ಈ ತಿಂಗಳು ಬರೇ ಇದೇ. ತಿಂಗಳಾದ ಮ್ಯಾಲ ಒಂದು ಪರೀಕ್ಷಾ, ಮೊದಲ ಬರೆಯೋದು, ಆಮ್ಯಾಲ ಮಾಡಿ ತೋರಿಸೋದು. ಎರಡರಾಗೂ ಪಾಸಾದವರು ಇಲ್ಲಿ ಇರ್ರಿ. ಆಗಲಾರದವರು ಆರ್ಟ್ಸಿಗಿ ಹೋಗ್ರಿ. ಆರ್ಟ್ಸ್ ಏನ್ ಕಡಿಮಿ ಅಲ್ಲ. ಖರೇ ಇಲ್ಲಿ ಕುಂತು ಮೂರು ವರ್ಷ ಅಳೋದು ಬ್ಯಾಡ.”

ತರಗತಿಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಶಾಖಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿನೆಂಟರ ಹುಡುಗ ಆರ್ಟ್ಸಿಗೆ ಹೋದರೆ ಒಂದು ವಾರ ಬೇಜಾರಾಗಿ ಮರೆತುಬಿಡುತ್ತಾನೆ. ತಾನು ಹೋದರೆ ಕೆಮಿಸ್ಟ್ರಿ ಮೂರನೆಯ ಸಲ ತನ್ನನ್ನು ಹೊರಗೆ ಹಾಕಿದಂತೆ, ಮತ್ತೆ ಬಾಗಿಲು ತಟ್ಟುವ ಶಕ್ತಿ ತನ್ನಲ್ಲಿ ಉಳಿಯುವುದಿಲ್ಲ ಎಂದು ಅವಳಿಗೆ ಆಗಲೇ ಗೊತ್ತಾಯಿತು.

ಮಾರನೆಯ ದಿನ ಹತ್ತರ ಘಾತ. ಮೇಡಂ ಹಲಗೆಯ ಮೇಲೆ ಸಾವಿರದ ಐನೂರು ಎಂದು ಅಂಕಿಯಲ್ಲಿ ಬರೆದು, ಇದನ್ನು ಒಂದರಿಂದ ಹತ್ತರೊಳಗಿನ ಸಂಖ್ಯೆ ಮಾಡಿ, ಹತ್ತರ ಘಾತ ಹಚ್ಚಿ ಹೇಳಿ ಎಂದರು. ಎಲ್ಲರೂ ನೆಲ ನೋಡಿದರು. ಮೇಡಂ ಕಣ್ಣು ಸುತ್ತಾಡಿ ವಿಶಾಖಾಳ ಮೇಲೆ ನಿಂತಿತು.

“ನೀ ಹೇಳವ್ವಾ. ಇದು ಎಷ್ಟು?”

ಗಾಬರಿಯಲ್ಲಿ ಅಂಗಡಿಯ ಬಾಯಿ ಬಂತು. “ದೀಡ ಸಾವಿರ ರಿ.”

ಹಿಂದಿನ ಬೆಂಚು ಗೊಳ್ಳೆಂದಿತು. ಮೇಡಂ ನಗಲಿಲ್ಲ. ಚಾಕ್‌ಪೀಸು ಹಿಡಿದ ಕೈ ಅಲ್ಲೇ ನಿಂತಿತು.

“ದೀಡ ಅಂದ್ರ?”

“ಒಂದೂವರಿ ರಿ.”

“ಸಾವಿರ ಅಂದ್ರ ಎಷ್ಟು ಹತ್ತು ಗುಣಸಬೇಕು?”

“ಮೂರು ರಿ.”

“ಹಂಗಾರ ಬರಿ ಬಾ.”

ವಿಶಾಖಾ ಎದ್ದು ಹೋಗಿ ಬರೆದಳು: ಒಂದು ಪಾಯಿಂಟ್ ಐದು, ಗುಣಿಸು, ಹತ್ತು, ಹತ್ತರ ತಲೆಯ ಮೇಲೆ ಪುಟಾಣಿ ಮೂರು. ಬರೆದು ಹಿಂದೆ ಸರಿದು ನೋಡಿದಳು. ವರ್ಷಗಟ್ಟಲೆ ತನ್ನನ್ನು ಹೆದರಿಸಿದ ಅಂಕಿ ಇಷ್ಟೇ ಏನು! ದಿನಕ್ಕೆ ನೂರು ಸಲ ಬಾಯಲ್ಲಿ ಆಡುವ ಮಾತು.

ಮುಂದೆ ತರಗತಿಯಲ್ಲಿ ಸಂತೆಯೇ ನೆರೆಯಿತು. ನಮ್ಮ ಕಡೆಯ ಎಣಿಕೆಯೇ ಹಾಗೆ. ಬೇರೆ ಊರಿನವರು ನೂರಾ ಇಪ್ಪತ್ತೈದು ಎಂದು ಬಾಯಿ ತುಂಬ ಹೇಳಿ ಮುಗಿಸುವಷ್ಟರಲ್ಲಿ ನಾವು ಸವ್ವಾ ನೂರು ಎಂದು ಮುಂದೆ ಹೋಗಿರುತ್ತೇವೆ. ಸವ್ವಾ ಅಂದರೆ ಒಂದೂಕಾಲು, ಅಡೀಚ ಅಂದರೆ ಎರಡೂವರೆ, ಸಾಡೇ ಅಂದರೆ ಮೇಲೊಂದು ಅರ್ಧ, ಪಾವು ಅಂದರೆ ಕಾಲು, ಪೌಣಾ ಅಂದರೆ ಮುಕ್ಕಾಲು, ಪೌಣೇ ಎರಡು ಅಂದರೆ ಎರಡಕ್ಕೆ ಪಾವು ಕಡಿಮೆ. ಅಡೀಚ ಲಕ್ಷ ಎಂದು ಒಬ್ಬ ಕೂಗಿದರೆ ಇನ್ನೊಬ್ಬಳು ಎರಡು ಪಾಯಿಂಟ್ ಐದು ಗುಣಿಸು ಹತ್ತರ ಮೇಲೆ ಐದು ಎಂದು ಹೇಳಿಯೇಬಿಟ್ಟಳು. ವಿಶಾಖಾಳ ಪಕ್ಕದ ಬೆಂಚಿನ ಸೋಹೇಲ, ಬಸವಕಲ್ಯಾಣದ ಸೈಕಲ್ ಅಂಗಡಿಯವರ ಮಗ, “ಪೌಣೇ ಎರಡು ನೂರು!” ಎಂದು ಬೆಂಚು ಕುಟ್ಟಿದ. ಇಷ್ಟು ವರ್ಷ ಇದನ್ನು ಯಾರೂ ಹೀಗೆ ಹೇಳಿರಲಿಲ್ಲವಲ್ಲ ಎಂದು ನನಗಂತೂ ಸಿಟ್ಟು ಬರುತ್ತದೆ. ಮಕ್ಕಳ ಬಾಯಲ್ಲಿರುವುದನ್ನು ಬಿಟ್ಟು ಊರೆಲ್ಲ ಹುಡುಕುವುದು ನಮ್ಮ ಹಳೇ ಚಾಳಿ.

ಅಂದಿನಿಂದ ವಿಶಾಖಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದಕ್ಕಿಂತ ಸಣ್ಣ ಸಂಖ್ಯೆಗಳನ್ನು ಅಂಗಡಿಯ ಟೇಪಿನ ಮೇಲೆ ಕಲಿತಳು: ಪಾವು ಮೀಟರು ಎಂದರೆ ಎರಡು ಪಾಯಿಂಟ್ ಐದು ಗುಣಿಸು ಹತ್ತರ ಮೇಲೆ ಮೈನಸ್ ಒಂದು ಮೀಟರು. ಪ್ರಮಾಣದ ಲೆಕ್ಕ ಅವಳಿಗೆ ಲೆಕ್ಕವೇ ಅನಿಸಲಿಲ್ಲ. ಒಂದು ರವಿಕೆಗೆ ಒಳಗೆ ಹಚ್ಚುವ ಅಸ್ತರು ಇಷ್ಟು ಬೇಕಾದರೆ ಮದುವೆ ಮನೆಯ ಹೆಂಗಸರಿಗೆಲ್ಲ ಎಷ್ಟು ಬೇಕು ಎಂದು ಅವಳು ಮಾತಾಡುತ್ತಲೇ ಹೇಳುವವಳು. ಲಾಗ್ ಮಾತ್ರ ಸತಾಯಿಸಿತು. ಮೈನಸ್ ಚಿಹ್ನೆ ಇದ್ದಕ್ಕಿದ್ದಂತೆ ಎಲ್ಲಿಗೋ ಓಡಿಹೋಗುತ್ತಿತ್ತು, ಅದನ್ನು ಹುಡುಕುತ್ತ ಅವಳು ರಾಜೇಶ್ವರದಿಂದ ಬಂಗ್ಲಾ ಕ್ರಾಸಿನವರೆಗೆ ಗಾಡಿಯಲ್ಲಿ ತುಟಿ ಅಲ್ಲಾಡಿಸುತ್ತ ಕೂರುವಳು. ಪಕ್ಕದ ಮುದುಕಿಯರು ದೇವರ ನಾಮ ಹೇಳುತ್ತಿದ್ದಾಳೆ ಎಂದುಕೊಂಡು ಗೌರವದಿಂದ ಸರಿದು ಕೂರುತ್ತಿದ್ದರು.

ಹೀಗೆ ಎಲ್ಲ ಸುಸೂತ್ರ ನಡೆದಿರುವಾಗ ಬ್ಯೂರೆಟ್ ಬಂತು.

ಬ್ಯೂರೆಟ್ ಎಂದರೆ ಉದ್ದನೆಯ ತೆಳು ಗಾಜಿನ ಕೊಳವೆ, ಕೆಳಗೊಂದು ನಲ್ಲಿ. ಮೇಲೆ ಸೊನ್ನೆ, ಕೆಳಕ್ಕೆ ಇಳಿದಂತೆ ಮಿಲಿಲೀಟರಿನ ಗೆರೆಗಳು. ಒಂದು ಮಿಲಿಲೀಟರಿಗೂ ಇನ್ನೊಂದಕ್ಕೂ ನಡುವಿನ ಜಾಗವನ್ನು ಸಣ್ಣ ಗೆರೆಗಳಿಂದ ಹತ್ತು ಭಾಗ ಮಾಡಿರುತ್ತಾರೆ. ಕೊಳವೆಯಲ್ಲಿ ಕ್ಷಾರ ತುಂಬಿ, ಕೆಳಗಿನ ಸೀಸೆಯ ಆಸಿಡ್ಡಿಗೆ ಹನಿ ಹನಿಯಾಗಿ ಬಿಡಬೇಕು. ಸೀಸೆಯಲ್ಲಿ ಸೂಚಕದ ಒಂದೆರಡು ಹನಿ ಇರುತ್ತದೆ. ನೀರಿನಂತಿದ್ದ ದ್ರಾವಣ ಯಾವ ಹನಿಗೆ ತೆಳು ಗುಲಾಬಿ ಆಯಿತೋ ಆ ಹನಿಗೆ ನಲ್ಲಿ ನಿಲ್ಲಿಸಿ, ಎಷ್ಟು ಕ್ಷಾರ ಹೋಯಿತು ಎಂದು ಗೆರೆ ನೋಡಿ ಬರೆಯಬೇಕು. ಆ ಒಂದು ಅಂಕಿಯಿಂದ ಆಸಿಡ್ಡಿನ ಬಲ ಲೆಕ್ಕ ಹಾಕುತ್ತಾರೆ.

ತೆಳು ಗುಲಾಬಿ! ವಿಶಾಖಾಳಿಗೆ ಇದಕ್ಕಿಂತ ಇನ್ನೇನು ಬೇಕು? ಉಳಿದ ಹುಡುಗರು ದ್ರಾವಣ ಬೀಟ್‌ರೂಟ್ ರಸ ಆಗುವವರೆಗೆ ಸುರಿಯುತ್ತಿದ್ದಾಗ ಅವಳು ಗುಲಾಬಿಯ ಮೊದಲ ನೆರಳಿಗೇ ನಲ್ಲಿ ತಿರುಗಿಸಿದಳು. ಮೇಡಂ ಬಂದು ಸೀಸೆ ಎತ್ತಿ ಬೆಳಕಿಗೆ ಹಿಡಿದು, “ಭಲೇ,” ಎಂದರು. ಅಷ್ಟೇ ಸಾಕಾಯಿತು. ಸುತ್ತಲಿನ ಮೇಜಿನವರೆಲ್ಲ ‘ಅಕ್ಕಾ ನಮ್ದೂ ನೋಡ್ರಿ, ಅಕ್ಕಾ ಇದು ಎಷ್ಟು ಹೇಳ್ರಿ’ ಎಂದು ದುಂಬಾಲು ಬಿದ್ದರು. ವಿಶಾಖಾ ಸೆರಗು ಸಿಕ್ಕಿಸಿಕೊಂಡು ಮೇಜಿಂದ ಮೇಜಿಗೆ ಓಡಾಡಿದಳು. ಗಿರಾಕಿಗಳು ಮುತ್ತಿಕೊಂಡಾಗ ಓಡಾಡುವ ಅದೇ ಹುರುಪು. ನಿನ್ನದು ಸವ್ವಾ ಹನ್ನೊಂದು, ಬರಕೋ. ನಿನ್ನದು ಪೌಣೇ ಹನ್ನೆರಡು, ಬರಕೋ. ಸೋಹೇಲ, ನಿನ್ನದು ಸಾಡೇ ಹನ್ನೊಂದು.

ಸಂಜೆ ಮೇಡಂ ಎಲ್ಲರ ಹಾಳೆ ಮುಂದೆ ಹರವಿಕೊಂಡು ಕುಳಿತರು. ಹನ್ನೊಂದು ಪಾಯಿಂಟ್ ಎರಡು ಐದು. ಹನ್ನೊಂದು ಪಾಯಿಂಟ್ ಐದು. ಹನ್ನೊಂದು ಪಾಯಿಂಟ್ ಏಳು ಐದು. ಮತ್ತೆ ಎರಡು ಐದು. ಮತ್ತೆ ಐದು. ಇಡೀ ತರಗತಿಯಲ್ಲಿ ಒಬ್ಬರಿಗೂ ಮೂರು ಬಂದಿಲ್ಲ, ಆರು ಬಂದಿಲ್ಲ, ಎಂಟು ಬಂದಿಲ್ಲ. ಎಲ್ಲರ ಕ್ಷಾರವೂ ಶಿಸ್ತಿನ ಮಕ್ಕಳಂತೆ ಪಾವಿನಲ್ಲೋ ಅರ್ಧದಲ್ಲೋ ಪೌಣಾದಲ್ಲೋ ಬಂದು ನಿಂತಿದೆ.

ಮಾರನೆಯ ದಿನ ಅವರ ದನಿ ಗೇಟಿನವರೆಗೆ ಕೇಳಿತು.

“ಇದು ಲ್ಯಾಬೋ, ಹಾಲಿನ ಡೈರಿಯೋ? ಪಾವು, ಅರ್ಧಾ, ಪೌಣಾ! ಹತ್ತು ಭಾಗ ಅವ ಅದರಾಗ, ನಾಲ್ಕು ಅಲ್ಲ. ಉಳಿದ ಗೆರಿ ಏನ್ ಚಂದ ಕಾಣ್ಲಿ ಅಂತ ಬರದಾರೇನು? ಯಾರು ಹೇಳಿಕೊಟ್ರು ಇದು?”

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ, ಎಲ್ಲರೂ ವಿಶಾಖಾಳ ಕಡೆ ನೋಡಿದರು. ಅವಳು ನಿಂತಳು.

“ನಾನೇ ರಿ. ನಮ್ಮ ಅಂಗಡ್ಯಾಗ ಹಂಗೇ ನೋಡ್ತೀವ್ರಿ. ನಡುವಿಂದು ಕಣ್ಣಿಗಿ ಬೀಳಂಗೇ ಇಲ್ರಿ.”

ಅದು ನಿಜವಾದ ಮಾತು. ಹಾಲು, ಎಣ್ಣೆ, ಬಟ್ಟೆ, ಹೊಲ, ಹೊತ್ತು ಎಲ್ಲವನ್ನೂ ಪಾವಿನಲ್ಲೇ ಕಂಡು ಬೆಳೆದ ಕಣ್ಣು ಪಾವಿನಲ್ಲೇ ನಿಲ್ಲುತ್ತದೆ. ಅವಳು ಸುಳ್ಳು ಬರೆಸಿರಲಿಲ್ಲ, ಅವಳಿಗೆ ಕಂಡದ್ದೇ ಹಾಗೆ. ಆದರೆ ಮೇಡಂ ಅಂದು ಕೇಳುವ ಸ್ಥಿತಿಯಲ್ಲಿರಲಿಲ್ಲ.

“ಪರೀಕ್ಷಾದಾಗ ನನಗ ಒಂದೇ ಒಂದು ಪಾವು ಕಂಡ್ರೂ, ಅರ್ಧಾ ಕಂಡ್ರೂ, ಹಾಳಿ ಮ್ಯಾಲ ಗೀಟು ಹೊಡದು ಆರ್ಟ್ಸಿಗಿ ಕಳಸ್ತೀನಿ. ನಿನಗ ಮೊದಲ, ವಿಶಾಖಾ. ತಿಳೀತಾ?”

ತಿಳಿಯಿತು. ವಿಶಾಖಾ ಆ ಸಂಜೆ ಗಾಡಿಯಲ್ಲಿ ತುಟಿ ಅಲ್ಲಾಡಿಸಲಿಲ್ಲ. ಅಜೀತ ಎರಡು ಸಲ ಕನ್ನಡಿಯಲ್ಲಿ ನೋಡಿ, ಏನಾಯಿತು ಎಂದು ಕೇಳದೆ, ರಾಜೇಶ್ವರದಲ್ಲಿ ಗಾಡಿ ನಿಲ್ಲಿಸಿ ಬಿಸಿ ಭಜಿ ತಂದು ಕೈಗಿಟ್ಟ. ತಿನ್ನುತ್ತ ತಿನ್ನುತ್ತ ಅವಳಿಗೆ ಹಟ ಬಂತು.

ಕಣ್ಣು ತಿದ್ದಬೇಕಾದರೆ ದಿನಾ ಅಳೆಯಬೇಕು. ದಿನಾ ಅಳೆಯುವ ಜಾಗ ಅಂಗಡಿ. ಹೀಗೆ ಆ ಭಾನುವಾರ ವೈಜನಾಥ ಸಾವುಕಾರರ ಅಂಗಡಿಗೆ ಗ್ರಹಚಾರ ವಕ್ಕರಿಸಿತು. ಮೊದಲು ಬಂದವರು ಅಕ್ಬರಿ. ಹುಮನಾಬಾದಿನ ಅರ್ಧ ಹೆಂಗಸರ ರವಿಕೆ ಹೊಲಿಯುವವರು, ಅಂಗಡಿಯ ಹಳೇ ಗಿರಾಕಿ.

“ಪೌಣಾ ಮೀಟರ್ ಅಸ್ತರ್ ಹರಿ ಬೇಟಿ, ಜಲ್ದಿ.”

ವಿಶಾಖಾ ಬಟ್ಟೆ ಹಾಸಿದಳು, ಟೇಪು ಇಟ್ಟಳು. ಆಮೇಲೆ ಮಂಡಿಯೂರಿ ಕುಳಿತು ಕಣ್ಣನ್ನು ಟೇಪಿನ ಮಟ್ಟಕ್ಕೆ ತಂದಳು. ಒಂದು ಕಣ್ಣು ಮುಚ್ಚಿದಳು. ಬಟ್ಟೆಯನ್ನು ಕೂದಲಷ್ಟು ಎಳೆದಳು, ಕೂದಲಷ್ಟು ಬಿಟ್ಟಳು.

“ಎಪ್ಪತ್ತೈದು ಪಾಯಿಂಟ್ ಸೊನ್ನೆ ಸೆಂಟಿಮೀಟರ್,” ಎಂದು ಕತ್ತರಿ ಹಾಕಿದಳು.

ಅಕ್ಬರಿ ಬಟ್ಟೆ ಎತ್ತಿ ಹಿಡಿದು ಕಣ್ಣು ಕಿರಿದು ಮಾಡಿದರು. ಯಾವಾಗಲೂ ಎರಡು ಬೆರಳು ಹೆಚ್ಚಿಗೆ ಬರುತ್ತಿತ್ತು. ಅದು ಅಂಗಡಿಯ ರೂಢಿ, ಗಿರಾಕಿಯ ಹಕ್ಕು. ಈಗ ಎರಡು ಬೆರಳು ಎಲ್ಲಿ?

“ಅಯ್ಯೋ, ಇದೇನ್ ದವಾಖಾನಿ ಔಷಧ ಅದಾ? ಸಾವ್ಕಾರ್ರೇ, ನಿಮ್ಮ ಹುಡುಗಿಗಿ ಏನಾಗ್ಯಾದ ನೋಡ್ರಿ ಜರಾ!”

ಸಾವುಕಾರರು ಗಲ್ಲೆ ಬಿಟ್ಟು ಓಡಿ ಬಂದರು. “ವಿಶಾಖಾ, ಏನ್ ಮಾಡಾಕತ್ತೀವ್ವಾ? ನನ್ನ ಗಿರಾಕಿ ಓಡಸಾಕತ್ತೀಯೇನು?”

“ಪರೀಕ್ಷಾ ಅದರಿ. ಕಣ್ಣು ತಿದ್ದಾಕತ್ತೀನ್ರಿ.”

“ತಿದ್ದು. ಖರೇ ಹರಿದ ಮ್ಯಾಲ ಅಲ್ಲ, ಹರಿಯೋಕಿಂತ ಮೊದಲ ತಿದ್ದು. ನೋಡೋದೆಲ್ಲಾ ಸೂಕ್ಷ್ಮ ನೋಡು, ಬರಕೋ, ಆಮ್ಯಾಲ ಎರಡು ಬೆರಳು ಹೆಚ್ಚು ಕೊಡು. ಅದಕ್ಕ ನಂದೇನ್ ಅಡ್ಡಿಲ್ಲ.”

ಒಪ್ಪಂದವಾಯಿತು. ಅಕ್ಬರಿಗೆ ಬೇರೆ ತುಂಡು ಹರಿದು ಕೊಟ್ಟರು, ಮೇಲೆ ಚಹಾ ಕುಡಿಸಿದರು. ಚಹಾ ಕುಡಿಯುತ್ತ ಅಕ್ಬರಿಯೇ ಆಟಕ್ಕಿಳಿದರು. ತಮ್ಮ ಚೀಲದಿಂದ ಗುಂಡಿ, ಲೇಸು, ದಾರದ ತುಣುಕು ತೆಗೆದು ಕೌಂಟರಿನ ಮೇಲೆ ಇಟ್ಟು, ‘ಇದೆಷ್ಟು, ಇದೆಷ್ಟು’ ಎಂದು ಕೇಳುತ್ತ ಹೋದರು. ವಿಶಾಖಾ ಟೇಪಿಗೆ ಕಣ್ಣು ಹಚ್ಚಿ ಮೂರು ಪಾಯಿಂಟ್ ಎರಡು, ಒಂದು ಪಾಯಿಂಟ್ ಎಂಟು ಎಂದು ಹೇಳುತ್ತ ಹೋದಳು. ತಿಂಗಳು ಮುಗಿಯುವಷ್ಟರಲ್ಲಿ ಅವಳಿಗೆ ಪಾವಿನ ನಡುವಿನ ಗೆರೆಗಳು ಒಂದೊಂದಾಗಿ ಎದ್ದು ಕಾಣತೊಡಗಿದವು. ಇಷ್ಟು ದಿನ ಇವೆಲ್ಲ ಎಲ್ಲಿ ಅಡಗಿದ್ದವು ಎಂದು ಅವಳಿಗೇ ಸೋಜಿಗ.

ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಬರೆಯುವ ಪರೀಕ್ಷೆ. ಹತ್ತರ ಘಾತ, ಪ್ರಮಾಣ, ಅಳತೆಯ ಬದಲಾವಣೆ ಎಲ್ಲವನ್ನೂ ಅವಳು ಮಾಡಿದಳು. ಲಾಗಿನಲ್ಲಿ ಮೈನಸ್ ಮತ್ತೆ ಕೈಕೊಟ್ಟಿತು. ಆದರೂ ಪಾಸಾಗುವಷ್ಟು ಬರೆದಿದ್ದೇನೆ ಎಂದು ಅವಳಿಗೆ ಅನಿಸಿತು. ಉಳಿದದ್ದು ಬ್ಯೂರೆಟ್.

ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬ್ಯೂರೆಟ್ ಕೊಟ್ಟು, ಎಲ್ಲರಿಗೂ ಒಂದೇ ಆಸಿಡ್, ಒಂದೇ ಕ್ಷಾರ ಹಂಚಿದರು. ಕ್ಷಾರದ ಬಲ ಹಲಗೆಯ ಮೇಲೆ ಬರೆದಿತ್ತು, ಆಸಿಡ್ಡಿನ ಬಲ ಕಂಡುಹಿಡಿಯಬೇಕು. ವಿಶಾಖಾ ಇಪ್ಪತ್ತೈದು ಮಿಲಿಲೀಟರ್ ಆಸಿಡ್ ಅಳೆದು ಸೀಸೆಗೆ ಹಾಕಿದಳು. ಸೂಚಕ ಹಾಕಿದಳು. ಹನಿ ಬಿಟ್ಟಳು. ನೀರಿನಂಥ ದ್ರಾವಣದಲ್ಲಿ ಗುಲಾಬಿಯ ಗೀರು ಮೂಡಿ ಮಾಯವಾಯಿತು. ಇನ್ನೊಂದು ಹನಿ, ಮಾಯವಾಯಿತು. ಇನ್ನೊಂದು ಹನಿ. ನಿಂತಿತು. ನಲ್ಲಿ ತಿರುಗಿಸಿ, ಉಸಿರು ಬಿಗಿಹಿಡಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದಳು.

ಹನ್ನೆರಡು ಪಾಯಿಂಟ್ ಐದು ಸೊನ್ನೆ. ಸಾಡೇ ಹನ್ನೆರಡು.

ಹಾಳಾದ ಕಣ್ಣು, ಮತ್ತೆ ಅರ್ಧಕ್ಕೇ ಹೋಯಿತು ಎಂದುಕೊಂಡಳು. ಕಣ್ಣು ಒರೆಸಿಕೊಂಡು ನೋಡಿದಳು. ಗೆರೆಯ ಹಿಂದೆ ಬಿಳಿ ಹಾಳೆ ಹಿಡಿದು ನೋಡಿದಳು. ದ್ರಾವಣದ ಅಂಚು ಐದನೆಯ ಗೆರೆಯ ಮೇಲೆ ಜಪ್ಪಯ್ಯ ಎಂದರೂ ಅಲ್ಲಾಡದೆ ಕುಳಿತಿತ್ತು. ಎಲ್ಲ ಚೆಲ್ಲಿ, ತೊಳೆದು, ಮತ್ತೆ ಮಾಡಿದಳು. ಮತ್ತೆ ಗುಲಾಬಿ. ಮತ್ತೆ ಸಾಡೇ ಹನ್ನೆರಡು.

ಪೆನ್ನು ಕೈಯಲ್ಲಿತ್ತು. ಹನ್ನೆರಡು ಪಾಯಿಂಟ್ ನಾಲ್ಕು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಲೆಕ್ಕದ ಉತ್ತರ ಕೂದಲಷ್ಟು ಆಚೀಚೆ ಆಗುತ್ತದೆ ಅಷ್ಟೇ, ಮೇಡಂ ಸಂತೋಷಪಡುತ್ತಾರೆ. ಐದು ಸೊನ್ನೆ ಬರೆದರೆ ಗೀಟು ಖಂಡಿತ. ನಿನಗ ಮೊದಲ, ವಿಶಾಖಾ ಎಂದಿದ್ದಾರೆ. ಪಕ್ಕದಲ್ಲಿ ಸೋಹೇಲ ತನ್ನ ಬ್ಯೂರೆಟ್ ನೋಡುವುದು, ಮೇಡಂ ಮುಖ ನೋಡುವುದು, ಹಾಳೆ ನೋಡುವುದು ಮಾಡುತ್ತಿದ್ದ. ಆಮೇಲೆ ಏನನ್ನೋ ಬರೆದು ಹಗುರಾಗಿ ಉಸಿರು ಬಿಟ್ಟ.

ವಿಶಾಖಾ ಪೆನ್ನಿನ ತುದಿಯನ್ನು ಹಾಳೆಗೆ ತಂದಳು. ನಾಲ್ಕು ಎಂದು ಬರೆಯಲು ಕೈ ಹೋಯಿತು ಕೂಡ. ಆಗ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಹಿಂದೆ ಎರಡು ಸಲ ಫೇಲಾದಾಗ ತಾನು ಬರೆದದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಇಂದು ಗೊತ್ತಿದೆ. ಗೊತ್ತಿದ್ದದ್ದನ್ನೇ ಬದಲಿಸಿ ಪಾಸಾದರೆ ಅದೂ ಉರುಹೊಡೆದಂತೆಯೇ. ಫೇಲಾಗುವುದಾದರೆ ಈ ಸಲ ಕಣ್ಣಾರೆ ಕಂಡದ್ದಕ್ಕೆ ಫೇಲಾಗಲಿ ಎಂದುಕೊಂಡು, ಹನ್ನೆರಡು ಪಾಯಿಂಟ್ ಐದು ಸೊನ್ನೆ ಎಂದು ಎರಡು ಸಲ ದಪ್ಪಗೆ ಬರೆದಳು. ಕೊನೆಯ ಸೊನ್ನೆಯನ್ನು ಬಿಡಲಿಲ್ಲ. ಅಲ್ಲಿಯವರೆಗೆ ನೋಡಿದ್ದೇನೆ ಎಂಬುದಕ್ಕೆ ಆ ಸೊನ್ನೆಯೇ ಸಾಕ್ಷಿ ಎಂದು ಮೇಡಂ ಕಲಿಸಿದ್ದರು. ಕೆಳಗೆ ಲೆಕ್ಕ ಮಾಡಿ, ಆಸಿಡ್ಡಿನ ಬಲವನ್ನು ಹತ್ತರ ಘಾತದಲ್ಲಿ ಬರೆದು, ಎಲ್ಲರಿಗಿಂತ ಮೊದಲು ಹೋಗಿ ಹಾಳೆ ಕೊಟ್ಟಳು. ತಡಮಾಡಿದರೆ ಮನಸ್ಸು ಬದಲಾದೀತು ಎಂಬ ಭಯ.

ಮೇಡಂ ನೋಡಿದರು. ಅವರ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು.

“ಮತ್ತ ಅರ್ಧಾ? ಅಷ್ಟು ಬಡಕೊಂಡೆ ವಿಶಾಖಾ, ಮತ್ತ ಅರ್ಧಾನಾ?”

“ಬ್ಯೂರೆಟ್ ಹಂಗೇ ಇಟ್ಟೀನ್ರಿ,” ಎಂದಳು ವಿಶಾಖಾ. “ನೀವೇ ಬಂದು ನೋಡ್ರಿ. ಬ್ಯಾರೆ ಕಂಡ್ರ ಗೀಟು ಹೊಡೀರಿ.”

ಮೇಡಂ ಎದ್ದು ಬಂದರು. ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಬ್ಯೂರೆಟ್ ತಾವೇ ತುಂಬಿ, ತಾವೇ ಆಸಿಡ್ ಅಳೆದು, ತಾವೇ ಹನಿ ಬಿಟ್ಟರು. ಗುಲಾಬಿ ನಿಂತಿತು. ಮೇಡಂ ಗೆರೆ ಓದಿದರು. ಓದಿ, ತಿರುಗಿ ಸೋಹೇಲನ ಕಡೆ ನೋಡಿದರು.

“ನಿಂದೆಷ್ಟು?”

“ಹನ್ನೆರಡು ಪಾಯಿಂಟ್ ನಾಲ್ಕು ರಿ.”

“ನೀ ಬರದಿದ್ದು ಅಲ್ಲ. ಖರೇ ಎಷ್ಟು ಕಂಡಿತ್ತು?”

ಸೋಹೇಲ ಹಾಳೆಯ ಮೂಲೆ ಮಡಚಿದ. “ಸಾಡೇ ಹನ್ನೆರಡು ರಿ. ನೀವು ಬೈತೀರಂತ...”

ಮೇಡಂ ಮೇಜಿಂದ ಮೇಜಿಗೆ ಹೋಗಿ ಹಾಳೆಗಳನ್ನು ಕಿತ್ತುಕೊಂಡರು. ಹನ್ನೆರಡು ಪಾಯಿಂಟ್ ನಾಲ್ಕರಲ್ಲಿ ಒಂದು ಗುಂಪು. ಹನ್ನೆರಡು ಪಾಯಿಂಟ್ ಆರರಲ್ಲಿ ಇನ್ನೊಂದು ಗುಂಪು. ನಡುವೆ ಒಬ್ಬರೂ ಇಲ್ಲ, ಎಲ್ಲರೂ ಅಲ್ಲೊಂದು ಗುಂಡಿ ತೋಡಿದಂತೆ ಸುತ್ತಿಕೊಂಡು ಹೋಗಿದ್ದಾರೆ. ಆ ಗುಂಡಿಯಲ್ಲಿ ಒಂದೇ ಒಂದು ಹಾಳೆ, ವಿಶಾಖಾಳದು. ಮೇಡಂ ಸ್ಟೂಲಿನ ಮೇಲೆ ಕುಳಿತು ಹಣೆಗೆ ಕೈ ಹಚ್ಚಿದರು. ನಿನ್ನೆ ಸಂಜೆ ಆಸಿಡ್ ಉಳಿಸೋಣ ಎಂದು, ಕ್ಷಾರದಷ್ಟೇ ಬಲವಿದ್ದ ಆಸಿಡ್ಡಿಗೆ ಸರಿಯಾಗಿ ಅರ್ಧಕ್ಕರ್ಧ ನೀರು ಬೆರೆಸಿದವರು ಯಾರು? ತಾವೇ. ಇಪ್ಪತ್ತೈದರ ಅರ್ಧ ಎಷ್ಟಾಗುತ್ತದೆ ಎಂದು ಒಂದು ಕ್ಷಣ ಯೋಚಿಸದೆ, ಬಸವಕಲ್ಯಾಣದ ಕೈ ಸಹಜವಾಗಿ ಅರ್ಧಕ್ಕೆ ಹೋಗಿತ್ತು. ಅವರ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಎಂದು ಹುಡುಗರು ಹೆದರಿದರು. ಅಳುತ್ತಿರಲಿಲ್ಲ, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ತಪ್ಪು ನಂದೇ,” ಎಂದರು ಕಣ್ಣು ಒರೆಸಿಕೊಳ್ಳುತ್ತ. “ನಿಮಗ ನೋಡೋದು ಕಲಸಬೇಕಂತ ಹೋಗಿ ಸುಳ್ಳು ಬರೆಯೋದು ಕಲಸೀನಿ. ನನ್ನ ರೂಲು ಕ್ಯಾನ್ಸಲ್. ಎಲ್ಲಾರೂ ತೊಳೀರಿ, ಇನ್ನೊಮ್ಮಿ ಮಾಡ್ರಿ. ಕಂಡಿದ್ದು ಬರೀರಿ. ಪಾವು ಕಂಡ್ರ ಪಾವು, ಅರ್ಧಾ ಕಂಡ್ರ ಅರ್ಧಾ.”

ಆಮೇಲೆ ಎದ್ದು, ವಿಶಾಖಾಳ ಬೆಳಗಿನ ಹಾಳೆಯನ್ನು ಹುಡುಕಿ ತೆಗೆದು ನೋಡಿದರು. “ಲಾಗಿನಾಗ ಮೈನಸ್ ಮರ್ತೀದಿ. ಅದು ನಾ ಹೊಡದು ಕಲಸ್ತೀನಿ. ಆದ್ರ ಎರಡರಾಗೂ ಪಾಸ್. ವಿಶಾಖಾ, ನೀ ಕೆಮಿಸ್ಟ್ರಿದಾಕಿ. ಹೋಗು ಮನಿಗಿ, ಆರಾಮ ಮಾಡು.”

ವಿಶಾಖಾ ಪುಸ್ತಕ ಎತ್ತಿಕೊಂಡಳು. ಬಾಗಿಲವರೆಗೆ ಹೋದಳು. ಹೊರಗೆ ಗೇಟಿನ ಹತ್ತಿರ ಅಜೀತ ಹಾರ್ನು ಹೊಡೆಯುತ್ತಿದ್ದ. ಗಾಡಿ ತುಂಬಿತ್ತು, ಹೊತ್ತಾಗಿತ್ತು, ಒಳಗಿನ ಜನ ಗೊಣಗುತ್ತಿದ್ದರು. ಅವಳು ಹೊರಗೆ ಕೈ ಬೀಸಿ, ನೀ ಹೋಗು, ಮುಂದಿನ ಟ್ರಿಪ್ಪಿಗೆ ಬರುತ್ತೇನೆ ಎಂದು ಸನ್ನೆ ಮಾಡಿದಳು. ತಿರುಗಿ ತನ್ನ ಮೇಜಿಗೆ ಬಂದು ಸೀಸೆ ತೊಳೆಯತೊಡಗಿದಳು.

“ನಿಂದು ಮುಗೀತಲ್ಲವ್ವಾ,” ಎಂದರು ಮೇಡಂ. “ನೀ ಯಾಕ ಮತ್ತ ಮಾಡಾಕತ್ತೀದಿ?”

ವಿಶಾಖಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

“ಇಷ್ಟು ದಿನ ಹೆದರಿಕೊಂಡೇ ಮಾಡೀನ್ರಿ,” ಎಂದಳು. “ಒಮ್ಮಿ ಆರಾಮಾಗಿ ಮಾಡ್ಬೇಕನಸ್ತದ ರಿ.”

ಹೇಳಿ, ಬ್ಯೂರೆಟ್ಟಿಗೆ ಸೊನ್ನೆಯ ಗೆರೆಯವರೆಗೆ ಮತ್ತೆ ಕ್ಷಾರ ತುಂಬಿದಳು.